ಅಳಿವೆಯ ಬಾಯಲ್ಲಿ ಒಂದು ಪರೀಕ್ಷೆ

ಇನ್ನೊಬ್ಬ ಅಭ್ಯರ್ಥಿಯ ನಾಯಕತ್ವಕ್ಕೆ ಅಡ್ಡ ಬಂದಿದ್ದಾರೆ, ಆದ್ದರಿಂದ ಸದ್ಯಕ್ಕೆ ಪ್ರಮಾಣಪತ್ರ ಕೊಡಲಾಗದು. ಸಮುದ್ರ ಕಯಾಕ್ ನಾಯಕರ ಪರೀಕ್ಷೆ ಮುಗಿದ ಸಂಜೆ ಪರೀಕ್ಷಕರು ನನ್ನ ವರದಿಯಲ್ಲಿ ಬರೆದದ್ದರ ಸಾರ ಇದು. ಮರುವರ್ಷ ಬೇರೊಬ್ಬ ಪರೀಕ್ಷಕರ ಬಳಿ ಅದೇ ಪ್ರಮಾಣಪತ್ರ ಪಡೆದೆ. ಆದರೂ ಆ ಸಾಲು ಇನ್ನೂ ಚುಚ್ಚುತ್ತದೆ. ಈಚೆಗೆ ಲಿವರ್‌ಪೂಲಿನ ನಮ್ಮ ಕಯಾಕ್ ಕ್ಲಬ್ಬಿಗೆ ಕನ್ನಡದ ಹುಡುಗ ಹುಡುಗಿಯರು ಬರತೊಡಗಿದ್ದಾರೆ, ಒಂದಿಬ್ಬರು ಪರೀಕ್ಷೆಗೆ ಕೂರುವ ಮಾತನ್ನೂ ಆಡುತ್ತಿದ್ದಾರೆ. ಇದು ಅವರಿಗಾಗಿ. ನನ್ನ ಸಮರ್ಥನೆ ಎಂದು ಓದಿಕೊಂಡರೂ ಅಡ್ಡಿಯಿಲ್ಲ.

ನಾನು ಗಂಗೊಳ್ಳಿಯವಳು. ಐದು ಹೊಳೆಗಳು ಕೂಡಿ ಕಡಲು ಸೇರುವ ಅಳಿವೆ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಅಪ್ಪಯ್ಯ ನಾಡದೋಣಿಗೆ ಹೋಗುತ್ತಿದ್ದರು. ಪಡುಗಾಳಿ ಎದ್ದ ದಿನ "ಇಳಿತಕ್ಕೆ ಅಳಿವೆಗೆ ಹೋಪುಕಾಗ" ಎಂದು ಜೊತೆಯವರಿಗೆ ಹೇಳುವುದನ್ನು ಕೇಳುತ್ತಲೇ ಬೆಳೆದೆ. ಹೊರಕ್ಕೆ ಹರಿಯುವ ನೀರಿಗೆ ಎದುರಿನಿಂದ ಗಾಳಿ ಹೊಡೆದರೆ ಅಲೆಗಳ ನಡುವಿನ ಅಂತರ ಕುಗ್ಗಿ, ಅವು ಗೋಡೆಯ ಹಾಗೆ ನೆಟ್ಟಗೆ ಏಳುತ್ತವೆ. ಅಳಿವೆ ಬಾಗಿಲಲ್ಲಿ ದೋಣಿ ಮಗುಚಿದ ಸುದ್ದಿ ನಮ್ಮೂರಿನ ಯಾವ ಮನೆಗೂ ಹೊಸದಲ್ಲ. ಆದರೆ ನಮ್ಮಲ್ಲಿ ಹೆಣ್ಣುಮಕ್ಕಳನ್ನು ದೋಣಿಗೆ ಕರೆದೊಯ್ಯುವ ರೂಢಿ ಇರಲಿಲ್ಲ. ನಾನು ಹುಟ್ಟು ಹಿಡಿದದ್ದು ಮದುವೆಯಾಗಿ ಲಿವರ್‌ಪೂಲಿಗೆ ಬಂದ ಮೇಲೆ.

ಇಲ್ಲಿನ ಕ್ಲಬ್ಬುಗಳಲ್ಲಿ ಯಾರೂ ಸಂಬಳಕ್ಕೆ ಕಲಿಸುವುದಿಲ್ಲ. ಚಳಿಗಾಲದಲ್ಲಿ ಒಂದು ಈಜುಕೊಳ ಬಾಡಿಗೆಗೆ ಹಿಡಿದು, ಮಗುಚಿದ ಕಯಾಕನ್ನು ಒಳಗೆ ಕುಳಿತಂತೆಯೇ ಸೊಂಟದ ಬಲದಿಂದ ಮತ್ತೆ ಮೇಲಕ್ಕೆ ತಿರುಗಿಸುವುದನ್ನು ಹೇಳಿಕೊಡುತ್ತಾರೆ. ಬೇಸಿಗೆಯಲ್ಲಿ ಕಾರಿನ ಮೇಲೆ ಎರಡೆರಡು ಕಯಾಕ್ ಕಟ್ಟಿಕೊಂಡು ವೇಲ್ಸಿನ ಆಂಗಲ್ಸಿ ದ್ವೀಪಕ್ಕೆ ಹೋಗುತ್ತಾರೆ. ನನ್ನ ಬಳಿ ಒಳಗೆ ನೀರು ಬಿಡದ ಡ್ರೈಸೂಟ್ ಇಲ್ಲದ ಒಂದಿಡೀ ವರ್ಷ ಒಬ್ಬ ನಿವೃತ್ತ ನರ್ಸ್ ತಮ್ಮ ಹಳೆಯದನ್ನು ಕೊಟ್ಟಿದ್ದರು. ಕ್ಲಬ್ಬಿನ ಹಿರಿಯ ನಾಯಕರಿಗೆ ವಯಸ್ಸಾಗುತ್ತಿತ್ತು, ಹೊಸಬರನ್ನು ಕಡಲಿಗೆ ಕರೆದೊಯ್ಯಲು ಯಾರಾದರೂ ಬೇಕಿತ್ತು. ನಾನು ಪರೀಕ್ಷೆಗೆ ಕೂತದ್ದು ಅದಕ್ಕೆ.

ಪರೀಕ್ಷೆಗೆ ಮೊದಲು ಪ್ರಥಮ ಚಿಕಿತ್ಸೆಯ ತರಬೇತಿ, ಕಡಲ ನಕ್ಷೆ ಮತ್ತು ಉಬ್ಬರವಿಳಿತದ ಲೆಕ್ಕದ ತರಬೇತಿ ಆಗಿರಬೇಕು. ಲೆಕ್ಕ ಇಲ್ಲಿ ಸಣ್ಣ ವಿಷಯವಲ್ಲ. ಕುಂದಾಪುರದ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರು 2 ಮೀಟರ್ ಕೂಡ ಏರಿಳಿಯುವುದಿಲ್ಲ. ಆಂಗಲ್ಸಿ ಪಕ್ಕದ ಹೋಲಿಹೆಡ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಸುಮಾರು 5 ಮೀಟರ್. ಆರು ತಾಸಿನ ಇಳಿತದಲ್ಲಿ ಹೆಚ್ಚುಕಡಿಮೆ ಅರ್ಧ ನೀರು ನಡುವಿನ ಎರಡೇ ತಾಸಿನಲ್ಲಿ ಓಡಿಹೋಗುತ್ತದೆ. ಈ ಪ್ರಮಾಣಪತ್ರ ಪಡೆದವರು ಯಾವ ನೀರಿಗೆ ಗುಂಪನ್ನು ಕರೆದೊಯ್ಯಬಹುದು ಎಂಬುದಕ್ಕೆ ಮಿತಿಯೂ ಇದೆ: ಗಾಳಿ ಬ್ಯೂಫೋರ್ಟ್ ಅಳತೆಯಲ್ಲಿ 4 ಮೀರಬಾರದು, ಸೆಳೆತ 2 ನಾಟ್ ಮೀರಬಾರದು, ಸೆಳೆತ ಕುದಿಯುವ ಜಾಗಗಳು ಇರಲೇಬಾರದು. ಈ ಮಿತಿಯನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಏಪ್ರಿಲ್ ತಿಂಗಳು, ಅಮಾವಾಸ್ಯೆ ಕಳೆದು ಎರಡು ದಿನ. ಅಭ್ಯರ್ಥಿಗಳು ಮೂವರು. ನಮ್ಮ ಕೈಕೆಳಗಿನ ಗುಂಪಾಗಿ ಬಂದವರು ನಾಲ್ವರು ಸ್ವಯಂಸೇವಕರು, ಅವರಲ್ಲಿ ಡ್ರೈಸೂಟ್ ಕೊಟ್ಟಿದ್ದ ನರ್ಸಮ್ಮನೂ ಒಬ್ಬರು. ಒಬ್ಬೊಬ್ಬರೂ ಸರದಿಯಂತೆ ಗುಂಪನ್ನು ನಡೆಸಬೇಕು. ಆಂಗಲ್ಸಿ ಕಡೆಯ ಟ್ರೆಯಾರ್ದರ್ ಕೊಲ್ಲಿಯಿಂದ ಹೊರಟು ರೋಸ್ಕೊಲಿನ್ ಮೂಲೆ ಸುತ್ತುವವರೆಗೆ ನನ್ನ ಸರದಿ. ಅದು ಚೆನ್ನಾಗಿಯೇ ಆಯಿತು. ಬೋರ್ತ್‌ವೆನ್ ಎಂಬ ಪುಟ್ಟ ಕೊಲ್ಲಿಯಲ್ಲಿ ಊಟಕ್ಕೆ ನಿಂತಾಗ ನೈಋತ್ಯದ ಗಾಳಿ ಬಲಿಯುತ್ತಿತ್ತು. ಮುಂದಿನ ದಾರಿ ಕಮರಾನ್ ಕೊಲ್ಲಿಯನ್ನು ಅಡ್ಡ ದಾಟಿ ರೋಸ್ನೈಗರ್‌ಗೆ. ಕಮರಾನ್ ಎಂದರೆ ಎರಡು ದ್ವೀಪಗಳ ನಡುವೆ ತುಂಬಿಕೊಂಡ ನೀರು ಒಂದು ಕಿರಿದಾದ ಕಾಲುವೆಯಿಂದ ಕಡಲಿಗೆ ಸುರಿಯುವ ಜಾಗ. ನನ್ನ ಕಣ್ಣಿಗೆ ಅದು ಅಳಿವೆಯೇ. ಆಗ ನಡು ಇಳಿತ. ಎದುರುಗಾಳಿ. ಹೋಗುವುದು ಬೇಡ, ತಾಸೆರಡು ತಾಸು ಕಾದು ವಾಪಸ್ ತಿರುಗೋಣ ಎಂದು ಎಲ್ಲರೆದುರೇ ಹೇಳಿದೆ. "ಅಲೆಗಳ ನಡುವೆ ದಡ ಮುಟ್ಟುವ ಪರೀಕ್ಷೆಯೊಂದು ಬಾಕಿ ಇದೆ, ರೋಸ್ನೈಗರ್‌ನಲ್ಲಿ ಅದು ಮುಗಿಯುತ್ತದೆ" ಎಂದರು ಪರೀಕ್ಷಕರು. "ಮತ್ತೆ ಇದು ನಿನ್ನ ಸರದಿಯಲ್ಲ." ಸರದಿ ಇದ್ದ ಹುಡುಗ ಪರೀಕ್ಷಕರ ಮುಖ ನೋಡಿದ, ಹೊರಡೋಣ ಎಂದ. ಬೇರೇನು ಹೇಳಿಯಾನು?

ಕಾಲುವೆಯ ಬಾಯಿಗೆ ಬರುತ್ತಿದ್ದಂತೆ ನೀರಿನ ಬಣ್ಣ ಬದಲಾಯಿತು. ಅಲ್ಲಿಯವರೆಗೆ ಉದ್ದುದ್ದ ಬರುತ್ತಿದ್ದ ಅಲೆಗಳು ಒತ್ತೊತ್ತಾಗಿ, ನೆತ್ತಿ ಒಡೆದುಕೊಂಡು ಬರತೊಡಗಿದವು. ಕಯಾಕಿನ ಮೂತಿ ಒಂದು ಅಲೆಯ ಮೇಲೆ, ಹಿಂಬದಿ ಇನ್ನೊಂದರ ಮೇಲೆ, ನಡುವೆ ಹುಟ್ಟಿಗೆ ನೀರೇ ಸಿಗದು. ನರ್ಸಮ್ಮ ನನ್ನ ಎಡಕ್ಕಿದ್ದರು. ಒಂದು ಅಲೆ ಏರಿದ್ದು ನೋಡಿದೆ, ಇಳಿಯುವಾಗ ಕಯಾಕಿನ ತಳ ಮಾತ್ರ ಕಾಣಿಸಿತು. ಅವರು ಕಯಾಕಿನ ಕುಳಿ ಮುಚ್ಚುವ ಸ್ಪ್ರೇಡೆಕ್ ಕಿತ್ತು ಹೊರಗೆ ಬಂದು ಕಯಾಕಿಗೆ ಜೋತುಬಿದ್ದರು. ಏಪ್ರಿಲ್ ಎಂದರೆ ಆ ಸಮುದ್ರ ಹತ್ತು ಡಿಗ್ರಿಗೂ ಕೆಳಗೆ. ಉಸಿರು ಕಟ್ಟಿ ಅವರಿಗೆ ಕೂಗಲೂ ಆಗಲಿಲ್ಲ.

ಸರದಿಯ ಹುಡುಗ ಮುಂದೆ ಇದ್ದ, ತಿರುಗಿ ನೋಡಿ ಗಾಬರಿಯಿಂದ ನಿಂತುಬಿಟ್ಟ. ಪರೀಕ್ಷಕರು ಅವನ ಪಕ್ಕದಲ್ಲೇ ಇದ್ದು, ಅವನು ಏನು ಮಾಡುತ್ತಾನೆ ನೋಡೋಣ ಎಂದು ಕೈ ಎತ್ತಿ ನನ್ನನ್ನು ತಡೆದರು. ನಾನು ನಿಲ್ಲಲಿಲ್ಲ. ಏಕೆಂದರೆ ನನಗೆ ಕಾಣುತ್ತಿದ್ದದ್ದು ಅವರಿಬ್ಬರಿಗೆ ಕಾಣುತ್ತಿರಲಿಲ್ಲ. ನೀರಿನಲ್ಲಿದ್ದವರನ್ನು ಸೆಳೆತ ಕಡಲಿನತ್ತ ಒಯ್ಯುತ್ತಿತ್ತು, ಸೆಳೆತದ ಅಂಚಿನಲ್ಲಿದ್ದ ಉಳಿದ ಮೂವರನ್ನು ಗಾಳಿ ಬಂಡೆಗಳ ಕಡೆಗೆ ತಳ್ಳುತ್ತಿತ್ತು. ಗುಂಪು ಎರಡಾಗುತ್ತಿತ್ತು.

ನಾಯಕರ ತರಬೇತಿಗೆ ಬರುವ ಪ್ರತಿಯೊಬ್ಬರೂ 1993ರ ಮಾರ್ಚ್ 22ರ ಲೈಮ್ ಕೊಲ್ಲಿಯ ಕಥೆ ಕೇಳಿರುತ್ತಾರೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಕಯಾಕ್ ಕಲಿಯಲು ಬಂದ ಶಾಲಾ ಮಕ್ಕಳು. ಜೊತೆಗಿದ್ದ ಶಿಕ್ಷಕರ ಕಯಾಕ್ ಮತ್ತೆ ಮತ್ತೆ ಮಗುಚಿತು, ಒಬ್ಬ ತರಬೇತುದಾರ ಅವರ ಬಳಿ ಉಳಿದ, ಅಷ್ಟರಲ್ಲಿ ಉಳಿದವರನ್ನು ಗಾಳಿ ಹೊರಕ್ಕೆ ಕೊಂಡೊಯ್ದಿತ್ತು. ನಾಲ್ಕು ಮಕ್ಕಳು ತೀರಿಕೊಂಡರು. ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡಿದ 1995ರ ಕಾನೂನು ಹುಟ್ಟಿದ್ದೇ ಆ ಸಾವುಗಳಿಂದ. ನಾವು ಕಟ್ಟುವ ಶುಲ್ಕ, ಬರೆಯುವ ಲಾಗ್‌ಬುಕ್, ಪರೀಕ್ಷಕರು ಹಿಡಿದು ಬರುವ ಪಟ್ಟಿ ಎಲ್ಲ ಇರುವುದು ಗುಂಪು ಹಾಗೆ ಎರಡಾಗದಿರಲಿ ಎಂದು. ಆ ಪಟ್ಟಿಯ ಒಂದು ಸಾಲು ತುಂಬಲಿಕ್ಕಾಗಿ ನಮ್ಮನ್ನು ಅಲ್ಲಿಗೆ ಒಯ್ದರಲ್ಲ, ನನ್ನ ಸಿಟ್ಟು ಅದಕ್ಕೆ.

ಉಳಿದ ಮೂವರಿಗೆ "ಒಬ್ಬರನ್ನೊಬ್ಬರು ಹಿಡಿದುಕೊಳ್ಳಿ" ಎಂದು ಕೂಗಿದೆ. ಮೂರನೆಯ ಅಭ್ಯರ್ಥಿಗೆ ಅವರನ್ನು ಹಗ್ಗ ಕಟ್ಟಿ ಎಳೆದು ಸಿಲ್ವರ್ ಬೇ ಮರಳಿನತ್ತ ಒಯ್ಯಲು ಹೇಳಿದೆ. ನರ್ಸಮ್ಮನ ಕಯಾಕಿನ ಮೂತಿಯನ್ನು ನನ್ನ ಮಡಿಲ ಮೇಲಕ್ಕೆ ಎಳೆದು, ನೀರು ಚೆಲ್ಲಿ, ನೆಟ್ಟಗೆ ಮಾಡಿದೆ. ಹತ್ತಲು ಹೇಳಿದರೆ ಅವರ ಬೆರಳು ಹಗ್ಗ ಹಿಡಿಯುತ್ತಿರಲಿಲ್ಲ. ಮೊದಲ ಸಲ ಜಾರಿ ಮತ್ತೆ ನೀರಿಗೆ ಬಿದ್ದರು. ಎರಡನೆಯ ಸಲ ಒಂದು ಕಾಲನ್ನು ಕಯಾಕಿನೊಳಗೆ ಸಿಕ್ಕಿಸಿಕೊಳ್ಳಲು ಹೇಳಿ, ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದು ಮೈಭಾರವೆಲ್ಲ ಹಾಕಿ ಎಳೆದೆ. ಬಂದರು. ನನ್ನ ಕಿವಿಯ ಹತ್ತಿರ ಅವರ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು. ಪರೀಕ್ಷಕರು ಅಷ್ಟು ಹೊತ್ತಿಗೆ ಬಂದು ನಮ್ಮಿಬ್ಬರನ್ನೂ ಸೆಳೆತದ ಹೊರಗೆ ಎಳೆದರು. ಅದನ್ನು ಮಾಡಿದರು, ಅಷ್ಟನ್ನು ಒಪ್ಪುತ್ತೇನೆ.

ಸಂಜೆ ಆ ವರದಿ. ಪರಿಸ್ಥಿತಿ ತಮ್ಮ ಹಿಡಿತದಲ್ಲೇ ಇತ್ತು ಎಂಬುದು ಅವರ ವಾದ. ಹಿಡಿತದಲ್ಲಿದ್ದರೆ ಸೆಳೆತದ ಆ ಬದಿಯಲ್ಲಿ ಅವರು ಏಕೆ ಇರಲಿಲ್ಲ? ಪರೀಕ್ಷೆ ನಡೆಸಿದ ಕೇಂದ್ರಕ್ಕೆ ದೂರು ಬರೆದೆ, ಪರೀಕ್ಷಕರ ತೀರ್ಮಾನವೇ ಅಂತಿಮ ಎಂದು ಉತ್ತರ ಬಂತು. ನನ್ನವರು "ಅವರ ಊರು, ಅವರ ಕಡಲು, ನೀನು ಯಾಕೆ ಬಾಯಿ ಹಾಕಿದೆ" ಎಂದರು. ವರದಿಗಿಂತ ಆ ಮಾತು ಹೆಚ್ಚು ನೋಯಿಸಿತು. ನೀರಿಗೆ ಬಿದ್ದವರ ಮುಖವನ್ನು ಅವರು ನೋಡಿರಲಿಲ್ಲ. ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದಾಗ ಮಾತ್ರ ಅವರು ಗಾಳಿ ಯಾವ ಕಡೆಯದು, ನೀರು ಎಷ್ಟು ಇಳಿದಿತ್ತು ಎಂದು ಕೇಳಿದರು.

ಪರೀಕ್ಷೆಗೆ ಹೊರಟವರಿಗೆ ನಾನು ಹೇಳುವುದು ಇಷ್ಟು. ವಿಎಚ್‌ಎಫ್ ರೇಡಿಯೊ ನಿಮ್ಮ ಜಾಕೆಟ್ಟಿನಲ್ಲೇ ಇರಲಿ, ಎಳೆಯುವ ಹಗ್ಗ ನಿಮ್ಮ ಸೊಂಟದಲ್ಲೇ ಇರಲಿ, ಪರೀಕ್ಷಕರ ಬಳಿ ಇದೆಯಲ್ಲ ಎಂದು ಬಿಡಬೇಡಿ. ಊಟದ ಹೊತ್ತಿಗೆ ಗುಂಪಿನಲ್ಲಿ ಕಡಿಮೆ ಮಾತಾಡುವವರು ತಮ್ಮ ಜಿಪ್ಪನ್ನು ತಾವೇ ಎಳೆದುಕೊಳ್ಳುತ್ತಾರಾ ನೋಡಿ, ಚಳಿ ಮೊದಲು ಹಿಡಿಯುವುದು ಬೆರಳನ್ನು. ಗಾಳಿಯ ಮುನ್ಸೂಚನೆಯನ್ನೂ ಇಳಿತದ ಲೆಕ್ಕವನ್ನೂ ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆದು, ಬೆಳಿಗ್ಗೆ ಪರೀಕ್ಷಕರ ಕೈಗೆ ಒಂದು ಪ್ರತಿ ಕೊಡಿ. ಶುಲ್ಕ ಕಟ್ಟುವ ಮೊದಲೇ ಕೇಳಿ: ಗಾಳಿ ಮಿತಿ ಮೀರಿದರೆ ದಿನಾಂಕ ಮುಂದಕ್ಕೆ ಹಾಕುತ್ತೀರಾ, ಬಾಕಿ ಉಳಿದದ್ದನ್ನು ಇನ್ನೊಂದು ದಿನ ಮುಗಿಸಲು ಬಿಡುತ್ತೀರಾ? ನೇರ ಉತ್ತರ ಬರದಿದ್ದರೆ ಬೇರೆ ಕೇಂದ್ರ ಹುಡುಕಿ. ಎರಡನೆಯ ಸಲ ನಾನು ಹಾಗೆಯೇ ಮಾಡಿದೆ.