ವಿಹಾರ ನೌಕೆಯ ಪರಿಭಾಷೆ: ಪರಿಚಿತ ಪದಗಳು, ಬೇರೆ ಅರ್ಥಗಳು

ವ್ಯವಹಾರದಲ್ಲಿ ಒಂದು ಪದವನ್ನು ತಪ್ಪಾಗಿ ಗ್ರಹಿಸಿದರೆ ಅದರ ನಷ್ಟ ಲೆಕ್ಕದ ಪುಸ್ತಕದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕ್ರೂಸ್ ಎಂದು ಕರೆಯಲಾಗುವ ವಿಹಾರ ನೌಕೆಗಳೊಡನೆ ವರ್ತಕರಿಗೆ ಎರಡು ಬಗೆಯ ಸಂಪರ್ಕ ಬರಬಹುದು. ಮಾರಾಟದ ಗುರಿ ತಲುಪಿದ ಡೀಲರುಗಳನ್ನು ಕಂಪನಿಗಳು ಇಂತಹ ನೌಕೆಗಳಲ್ಲಿ ಪ್ರವಾಸಕ್ಕೆ ಕಳುಹಿಸುವುದುಂಟು. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿಹಾರ ನೌಕೆಗಳಿಗೆ ಸರಕು, ಅದರ ಪ್ರಯಾಣಿಕರಿಗೆ ವಾಹನ ಒದಗಿಸುವ ಅವಕಾಶವೂ ಇದೆ. ಆದುದರಿಂದ ಅಲ್ಲಿನ ಕೆಲವು ಪದಗಳನ್ನು ಅರಿತಿರುವುದು ಉಚಿತ.

1. ಗ್ರಾಸ್ ಟನ್ನೇಜ್: ಇದು ತೂಕದ ಅಳತೆಯಲ್ಲ. ನೌಕೆಯ ಆವೃತ ಭಾಗಗಳ ಒಟ್ಟು ಘನ ಅಳತೆಯಿಂದ, 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರದಂತೆ ಪಡೆದ ಸಂಖ್ಯೆ. 1912ರಲ್ಲಿ ಮುಳುಗಿದ ಟೈಟಾನಿಕ್ ಹಳೆಯ ಪದ್ಧತಿಯಂತೆ ಸುಮಾರು 46,000 ಟನ್ನೇಜಿನದು. 2024ರಲ್ಲಿ ಸಂಚಾರ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಸುಮಾರು 2,48,000 ಟನ್ನೇಜಿನದು.

2. ಬರ್ತ್: ನೌಕೆಯೊಳಗೆ ಇದು ಮಲಗುವ ಸ್ಥಳ, ಬಂದರಿನಲ್ಲಿ ನೌಕೆ ತಂಗುವ ಕಟ್ಟೆ. ಕೋಣೆಗೆ ಇಬ್ಬರಂತೆ ಎಣಿಸಿ ಶೇ. 100 ಭರ್ತಿ ಎನ್ನುವುದು ಈ ಉದ್ಯಮದ ರೂಢಿ. ಮಕ್ಕಳು ಅದೇ ಕೋಣೆಯಲ್ಲಿ ಉಳಿದಾಗ ಭರ್ತಿ ಶೇ. 100ನ್ನು ಮೀರುತ್ತದೆ. ಜಾಹೀರಾತಿನ ದರವೂ ಸಾಮಾನ್ಯವಾಗಿ ಇಬ್ಬರು ಹಂಚಿಕೊಂಡಾಗ ತಲಾ ತಗಲುವ ದರ. ಒಬ್ಬರೇ ಹೋದರೆ ಹೆಚ್ಚುವರಿ ತೆರಬೇಕು.

3. ಗ್ರಾಚುಯಿಟಿ: ನಮಗೆ ಇದು ಕಾರ್ಮಿಕರಿಗೆ ಸಲ್ಲಬೇಕಾದ ಉಪದಾನ. ನೌಕೆಯಲ್ಲಿ ಸಿಬ್ಬಂದಿಗೆ ನೀಡುವ ಭಕ್ಷೀಸು. ಅನೇಕ ಕಂಪನಿಗಳು ಇದನ್ನು ದಿನಕ್ಕೆ ಇಷ್ಟೆಂದು ಪ್ರಯಾಣಿಕರ ಖಾತೆಗೆ ತಾವೇ ಖರ್ಚು ಹಾಕುತ್ತವೆ. ಈ ಖಾತೆಗಳನ್ನು ನಿರ್ವಹಿಸುವ ಅಧಿಕಾರಿಗೆ ಪರ್ಸರ್ ಎಂದು ಹೆಸರು. ಇಳಿಯುವ ಮುನ್ನ ಖಾತೆಯ ಪ್ರತಿಯನ್ನು ಪಡೆದು ತಾಳೆ ನೋಡಬೇಕು.

4. ಮಸ್ಟರ್: ಹಾಜರಿ ಪುಸ್ತಕವಲ್ಲ, ಅಪಾಯಕಾಲದಲ್ಲಿ ಸೇರಬೇಕಾದ ಸ್ಥಳ ಹಾಗೂ ಅದರ ತಾಲೀಮು. 2012ರ ಜನವರಿ 13ರಂದು ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಗುಲಿ 32 ಜನ ಮೃತರಾದರು. ಅಂದು ಹತ್ತಿದವರಲ್ಲಿ ಅನೇಕರಿಗೆ ತಾಲೀಮು ನಡೆದಿರಲಿಲ್ಲ. ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ನಡೆಯಬೇಕೆಂಬ ನಿಯಮ 2015ರಿಂದ ಜಾರಿಯಲ್ಲಿದೆ. ಇದನ್ನು ತಪ್ಪಿಸಿಕೊಳ್ಳಬಾರದು.

5. ಟೆಂಡರ್, ಪೋರ್ಟ್: ನೌಕೆ ಕಟ್ಟೆಗೆ ಬಾರದೆ ದೂರದಲ್ಲಿ ಲಂಗರು ಹಾಕಿದಾಗ ಜನರನ್ನು ದಡಕ್ಕೆ ಕರೆತರುವ ಸಣ್ಣ ದೋಣಿಯೇ ಟೆಂಡರ್. ಪೋರ್ಟ್ ಎಂದರೆ ಬಂದರೂ ಹೌದು, ಮುಂಭಾಗಕ್ಕೆ ಮುಖಮಾಡಿ ನಿಂತಾಗ ಎಡಬದಿಯೂ ಹೌದು. ಬಲಬದಿ ಸ್ಟಾರ್‌ಬೋರ್ಡ್.

6. ಟರ್ನ್‌ಅರೌಂಡ್ ಪೋರ್ಟ್, ಪೋರ್ಟ್ ಆಫ್ ಕಾಲ್: ಮೊದಲನೆಯದು ಯಾತ್ರೆ ಮುಗಿದು ಹೊಸ ಯಾತ್ರೆ ಆರಂಭವಾಗುವ ಬಂದರು, ದಿನಸಿಯ ದೊಡ್ಡ ಖರೀದಿ ನಡೆಯುವುದು ಅಲ್ಲಿಯೇ. ಎರಡನೆಯದರಲ್ಲಿ ನೌಕೆ ಕೆಲವು ಗಂಟೆ ಮಾತ್ರ ತಂಗುತ್ತದೆ; ಅಲ್ಲಿನ ಮುಖ್ಯ ವ್ಯಾಪಾರ ಪ್ರವಾಸಿಗರ ಸುತ್ತಾಟ. ಯಾವ ಬಗೆಯ ಬಂದರೆಂದು ತಿಳಿಯದೆ ಸರಕು ದಾಸ್ತಾನು ಮಾಡುವುದು ಅವಿವೇಕ. ವಾಹನ ಒದಗಿಸುವವರು ಆಲ್ ಅಬೋರ್ಡ್ ಸಮಯವನ್ನು ಗಮನಿಸಬೇಕು. ಅದು ನೌಕೆ ಹೊರಡುವ ಸಮಯವಲ್ಲ. ಅದಕ್ಕೂ ಮುಂಚೆ ಎಲ್ಲರೂ ಒಳಗಿರಬೇಕಾದ ಗಡುವು.

7. ಸ್ಟೋರ್ಸ್: 1962ರ ಕಸ್ಟಮ್ಸ್ ಕಾಯಿದೆಯಂತೆ ನೌಕೆಯಲ್ಲಿ ಬಳಸಲು ಒಯ್ಯುವ ಸಾಮಗ್ರಿ, ಇಂಧನ ಮತ್ತು ಬಿಡಿಭಾಗಗಳೂ ಇದರಲ್ಲಿ ಸೇರಿವೆ. ವಿದೇಶಯಾನದ ನೌಕೆಗೆ ಸ್ಟೋರ್ಸ್ ಆಗಿ ಬೇಕಾದ ಭಾರತದಲ್ಲಿ ತಯಾರಾದ ಸರಕನ್ನು, ಅಧಿಕಾರಿ ನಿಗದಿಪಡಿಸಿದ ಪ್ರಮಾಣದಲ್ಲಿ, ಸುಂಕರಹಿತವಾಗಿ ರಫ್ತು ಮಾಡಲು 89ನೇ ಕಲಮು ಅವಕಾಶ ನೀಡುತ್ತದೆ. ನಡುವೆ ಭಾರತದ ಬೇರೆ ಬಂದರುಗಳಲ್ಲಿ ತಂಗಿದರೂ ಅದು ವಿದೇಶಯಾನದ ನೌಕೆಯೇ. ಕೇವಲ ದೇಶದೊಳಗಿನ ಯಾತ್ರೆಯ ನೌಕೆಗೆ ಈ ಸೌಲಭ್ಯವಿಲ್ಲ. ಆದುದರಿಂದ ದರ ನಮೂದಿಸುವ ಮುನ್ನ ನೌಕೆಯ ಯಾತ್ರಾಮಾರ್ಗವನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಕೊನೆಯದಾಗಿ, ಡೀಲರುಗಳು 'ಉಚಿತ' ಎಂಬ ಪದವನ್ನೂ ಎಚ್ಚರದಿಂದ ಓದಬೇಕು. ವ್ಯಾಪಾರದ ನಿಮಿತ್ತ ದೊರೆಯುವ ಇಂತಹ ಸೌಲಭ್ಯಗಳ ಮೌಲ್ಯ ವರ್ಷಕ್ಕೆ ರೂ. 20,000 ಮೀರಿದರೆ ಶೇ. 10ರಷ್ಟು ತೆರಿಗೆ ಕಡಿತಗೊಳಿಸಬೇಕೆಂಬ ನಿಯಮ 2022ರ ಜುಲೈ 1ರಿಂದ ಬಂದಿದೆ. ಪ್ರವಾಸ ಮುಗಿದ ಮೇಲೆ ಕಂಪನಿಯಿಂದ ಕಡಿತದ ಪ್ರಮಾಣಪತ್ರ ಪಡೆದು, ಆ ಮೌಲ್ಯವನ್ನು ವರಮಾನದ ಲೆಕ್ಕದಲ್ಲಿ ತೋರಿಸಲು ಮರೆಯಬಾರದು.