ಕ್ವಿನೋವಾ ಸಸ್ಯದ ಸಾರಜನಕಾಹಾರ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ, ಪೆರು ಮತ್ತು ಬೊಲಿವಿಯ ದೇಶಗಳಲ್ಲಿ ಹಬ್ಬಿದ ವಿಶಾಲವಾದ ಪ್ರಸ್ಥಭೂಮಿಯಿದೆ. ಅಲ್ಲಿನ ಪುರಾತನ ಬೆಳೆಯೇ ಕ್ವಿನೋವಾ. ಇದು ಭತ್ತ, ರಾಗಿಗಳಂತೆ ಹುಲ್ಲಿನ ಕುಲದ್ದಲ್ಲ. ನಮ್ಮ ಚಕ್ಕೋತ ಸೊಪ್ಪಿನ ಹತ್ತಿರದ ಬಂಧು. ಅವರೆ, ಹುರುಳಿಗಳಿಗಿರುವಂತಹ ಬೇರುಗಂಟುಗಳೂ ಇದಕ್ಕಿಲ್ಲ. ಆದುದರಿಂದ ತನ್ನ ಸಾರಜನಕಕ್ಕೆ ಇದು ಮಣ್ಣನ್ನೇ ನೆಚ್ಚಿರಬೇಕು.

ಮಣ್ಣಿನಲ್ಲಿ ಆ ಸಾರಜನಕವು ಬೇರಿಗೆ ಮುಖ್ಯವಾಗಿ ಎರಡು ರೂಪಗಳಲ್ಲಿ ದೊರೆಯುತ್ತದೆ: ನೈಟ್ರೇಟ್ ಮತ್ತು ಅಮೋನಿಯಂ. ನೈಟ್ರೇಟನ್ನು ಹೀರಿದ ಸಸ್ಯವು ಅದನ್ನು ಮೊದಲು ಅಮೋನಿಯಂ ಆಗಿ ಮಾರ್ಪಡಿಸಿಕೊಳ್ಳಬೇಕು. ಒಂದೊಂದು ನೈಟ್ರೇಟ್ ಅಯಾನಿಗೂ 8 ಎಲೆಕ್ಟ್ರಾನುಗಳ ವೆಚ್ಚ. ಹೀಗಿರಲು, ಸಿದ್ಧವಾದ ಅಮೋನಿಯಂ ಕೊಟ್ಟರೆ ಗಿಡಕ್ಕೆ ಲಾಭವಲ್ಲವೆ ಎಂದು ಓದುಗರು ಕೇಳಬಹುದು. ಲೆಕ್ಕದಲ್ಲಿ ಲಾಭವೇ ಸರಿ. ಗಿಡದಲ್ಲಿ ಮಾತ್ರ ಹಾಗಾಗದು. ನೈಟ್ರೇಟನ್ನು ಸಸ್ಯವು ಜೀವಕೋಶಗಳಲ್ಲಿ ಕೂಡಿಟ್ಟುಕೊಳ್ಳಬಲ್ಲುದು. ಅಮೋನಿಯಂ ಕೂಡಿಕೊಂಡರೆ ವಿಷ. ಅದನ್ನು ಬೇರಿನಲ್ಲಿಯೇ ಒಡನೆ ಅಮೈನೋ ಆಮ್ಲಗಳ ರಚನೆಗೆ ಬಳಸಬೇಕು. ಅದಕ್ಕೆ ಬೇಕಾದ ಸಕ್ಕರೆ ಎಲೆಗಳಿಂದ ಇಳಿದು ಬರಬೇಕು. ಅಲ್ಲದೆ ಅಮೋನಿಯಂ ಹೀರುವ ಬೇರು ಜಲಜನಕದ ಅಯಾನುಗಳನ್ನು ಹೊರಬಿಟ್ಟು ಸುತ್ತಲ ಮಣ್ಣನ್ನು ಆಮ್ಲೀಯವಾಗಿಸುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂಗಳ ಹೀರಿಕೆಯೂ ತಗ್ಗುತ್ತದೆ. ಕ್ವಿನೋವಾದ ಬಳಗಕ್ಕೆ ಸೇರಿದ ಪಾಲಕ್ ಮತ್ತು ಬೀಟ್‌ರೂಟ್ ಗಿಡಗಳು ಬರಿಯ ಅಮೋನಿಯಂ ಮೇಲೆ ಸೊರಗುತ್ತವೆ.

ಯೂರಿಯಾದ ರೀತಿ ಬೇರೆ. ಮಣ್ಣಿನ ಯೂರಿಯೇಸ್ ಎಂಬ ಕಿಣ್ವವು ಅದನ್ನು ಒಡೆದು ಅಮೋನಿಯಂ ಮಾಡುತ್ತದೆ; ಅನಂತರ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟಿಗೆ ತಿರುಗಿಸುತ್ತವೆ. ಬೆಚ್ಚಗಿನ ಹಸಿ ಮಣ್ಣಿನಲ್ಲಿ ಇದೆಲ್ಲ ಕೆಲವೇ ವಾರಗಳ ಕೆಲಸ. ಚಳಿಯ ಒಣನೆಲದಲ್ಲಿ ಬಹಳ ನಿಧಾನ.

ಇನ್ನು ತಳಿಗಳು. ಚಿಲಿಯ ತೀರಪ್ರದೇಶದ ತಳಿ, ಕಣಿವೆಯ ನೀಳವಾದ ತಳಿ, ಉಯುನಿ ಉಪ್ಪುಬಯಲಿನ ಅಂಚಿನ ತಳಿ, ಇವು ಒಂದೇ ಜಾತಿಯವಾದರೂ ಬೆಳೆದುಬಂದ ಮಣ್ಣೂ ಕೊಯ್ಲಿಗೆ ಬೇಕಾದ ದಿನಗಳೂ ಬೇರೆ ಬೇರೆ. ಒಂದು ತಳಿಯಲ್ಲಿ ಕಂಡ ಫಲವನ್ನು ಇನ್ನೊಂದಕ್ಕೆ ಹೇರುವುದು ತರವಲ್ಲ.

ಹೋಲಿಸಿ ನೋಡಬಯಸುವ ವಿದ್ಯಾರ್ಥಿಗಳು ಗೊಬ್ಬರವನ್ನು ಸಮತೂಕದಲ್ಲಿ ಹಾಕಬಾರದು, ಸಾರಜನಕವು ಸಮವಾಗಿರಬೇಕು. 1 ಗ್ರಾಂ ಸಾರಜನಕಕ್ಕೆ ಯೂರಿಯಾ ಸುಮಾರು 2.2 ಗ್ರಾಂ ಸಾಕು. ಅಮೋನಿಯಂ ಸಲ್ಫೇಟ್ 4.8 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ 6.5 ಗ್ರಾಂ ಬೇಕು. ಇವುಗಳೊಡನೆ ಬರುವ ಗಂಧಕ, ಕ್ಯಾಲ್ಸಿಯಂಗಳನ್ನೂ ಎಲ್ಲ ಕುಂಡಗಳಲ್ಲಿ ಸರಿದೂಗಿಸಬೇಕು. ಮಣ್ಣಿಗಿಂತ ಚೆನ್ನಾಗಿ ತೊಳೆದ ಮರಳೇ ಮೇಲು; ಮಣ್ಣಿನಲ್ಲಿ ನಾವು ಕೊಟ್ಟ ಅಮೋನಿಯಂ ನಮಗೆ ತಿಳಿಯದಂತೆಯೇ ನೈಟ್ರೇಟ್ ಆಗಿರುತ್ತದೆ!

ಬೊಲಿವಿಯದ ರೈತರಿಗೆ ಇದು ಕುಂಡದ ಪ್ರಶ್ನೆಯಲ್ಲ, ಹೊಲದ ಪ್ರಶ್ನೆ. ಅಲ್ಲಿ ಲಾಮಾ ಮತ್ತು ಕುರಿಗಳ ಹಿಕ್ಕೆಯೇ ಪರಂಪರೆಯ ಗೊಬ್ಬರ. 2013ನೆಯ ವರ್ಷವನ್ನು ವಿಶ್ವಸಂಸ್ಥೆಯು ಕ್ವಿನೋವಾ ವರ್ಷವೆಂದು ಆಚರಿಸಿತಷ್ಟೆ. ಆ ಹೊತ್ತಿಗೆ ಬೆಲೆ ಏರಿ, ಲಾಮಾಗಳು ಮೇಯುತ್ತಿದ್ದ ಬಯಲುಗಳು ಉಳುಮೆಗೆ ಒಳಗಾಗಿದ್ದವು. ಬೆಳೆ ಹೆಚ್ಚಿದಂತೆ ಹಿಕ್ಕೆ ಕಡಿಮೆಯಾಯಿತು. ಸಾವಯವವೆಂದು ಮಾರುವ ಬೆಳೆಗೆ ಯೂರಿಯಾ ಹಾಕುವಂತಿಲ್ಲ. ದೊರೆತ ಹಿಕ್ಕೆಯಲ್ಲಿನ ಸಾರಜನಕವೂ ಬೇರಿಗೆ ಒದಗಬೇಕಾದರೆ ಮಣ್ಣಿನಲ್ಲಿ ತೇವವೂ ಕಾವೂ ಇರಬೇಕು. ಆ ಎತ್ತರದಲ್ಲಿ ಇವೆರಡೂ ವರ್ಷದಲ್ಲಿ ಕೆಲವೇ ತಿಂಗಳು ಕೂಡಿಬರುತ್ತವೆ.