ಯೇಸುವಿನ ದೈವತ್ವ: ಸಿದ್ಧಾಂತ ಮತ್ತು ಧಾರವಾಡದ ನಂಟು

ಅರ್ಥ: ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎಂಬುದು ಕ್ರೈಸ್ತರ ನಂಬಿಕೆ. ತಂದೆ, ಮಗ (ಯೇಸು), ಪವಿತ್ರಾತ್ಮ ಸೇರಿದ್ದೇ ತ್ರಯೇಕತ್ವ.

ಆಧಾರ: ಯೋಹಾನನ ಸುವಾರ್ತೆ ಯೇಸುವನ್ನು ದೇವರ ವಾಕ್ಯವೆಂದು ಕರೆಯುತ್ತದೆ. ಅದರ 20ನೇ ಅಧ್ಯಾಯದಲ್ಲಿ, ಸಂಶಯಪಟ್ಟಿದ್ದ ಶಿಷ್ಯ ತೋಮನು ಪುನರುತ್ಥಾನಗೊಂಡ ಯೇಸುವನ್ನು ಕಂಡು ದೇವರೆಂದು ಒಪ್ಪುತ್ತಾನೆ.

ಮಹಾಸಭೆಗಳು:
- ನೈಸಿಯಾ, ಕ್ರಿ.ಶ. 325: ಮಗನು ಸೃಷ್ಟಿಯಾದವನೆಂಬ ಏರಿಯಸ್ ಎಂಬ ಪಾದ್ರಿಯ ವಾದ ತಿರಸ್ಕೃತ. ತಂದೆ, ಮಗ ಒಂದೇ ಸತ್ವದವರು.
- ಕ್ಯಾಲ್ಸಿಡಾನ್, ಕ್ರಿ.ಶ. 451: ಯೇಸು ಒಬ್ಬನೇ ವ್ಯಕ್ತಿ, ದೈವ ಮತ್ತು ಮಾನವ ಎಂಬ ಎರಡು ಸ್ವಭಾವ.

ಭಕ್ತರಿಗೆ ಮಹತ್ವ: ಯೇಸುವಿನ ಆರಾಧನೆ, ಪಾಪಕ್ಷಮೆ, ನಿತ್ಯಜೀವದ ಭರವಸೆ ಈ ನಂಬಿಕೆಯ ಮೇಲೆಯೇ ನಿಂತಿವೆ. ಕ್ರಿಸ್‌ಮಸ್ ಎಂದರೆ ದೇವರು ಮನುಷ್ಯನಾದ ದಿನ. ಈಸ್ಟರ್ ಎಂದರೆ ಯೇಸು ಮರಣವನ್ನು ಗೆದ್ದ ದಿನ.

ಸ್ಥಳೀಯ ನಂಟು: ಧಾರವಾಡದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1837ರಲ್ಲಿ ನೆಲೆಯೂರಿತು. 1853ರಲ್ಲಿ ಭಾರತಕ್ಕೆ ಬಂದು ಧಾರವಾಡದಲ್ಲಿ ಕನ್ನಡ ಕಲಿತ ಇದೇ ಮಿಷನ್‌ನ ಫರ್ಡಿನೆಂಡ್ ಕಿಟೆಲ್, ಯೇಸುವಿನ ಜೀವನವನ್ನು ‘ಕಥಾಮಾಲೆ’ ಎಂಬ ಪದ್ಯಕೃತಿಯಾಗಿ ಬರೆದರು (1862). ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ.

ಗಮನಿಸಿ: ನೈಸಿಯಾ ಮತ್ತು ಕ್ಯಾಲ್ಸಿಡಾನ್‌ನ ವರ್ಷಗಳನ್ನು ಅದಲುಬದಲು ಮಾಡಬೇಡಿ, ಪರೀಕ್ಷೆಯ ಹೊಂದಿಸಿ ಬರೆಯುವ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲಿಯೇ.